ಈ ಲಿಫ್ಟಿನ ಓನರ್

ಜನವರಿ 12

ಅಕ್ಕಾ,

ಫೋನ್ ಮಾಡಿದರೆ ಮೂರನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ. ಕಳೆದ ಸಲ ನೀನು ಫೋನ್ ಕುಕ್ಕಿದೆ, ಅದರ ಹಿಂದಿನ ಸಲ ನಾನು. ಅದಕ್ಕೇ ಕಾಗದ. ಇದರಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನನಗೆ ಒಂದು ಪದದ ಅರ್ಥ ಬೇಕು. ಔಷಧಿ ಡಬ್ಬಿಯ ಚೀಟಿಯಿಂದ ಹಿಡಿದು ಮಿಕ್ಸರ್ ಬಳಸುವ ವಿಧಾನದವರೆಗೆ ಕಂಪನಿಗಳ ಇಂಗ್ಲಿಷನ್ನು ಕನ್ನಡಕ್ಕೆ ತರುವುದು ನಿನ್ನ ಕಸುಬು. ಹೇಳು, ಓನರ್‌ಶಿಪ್ ಅಂದರೆ ಏನು?

ಸೋಮವಾರ ನಮ್ಮ ಸರ್ವಿಸ್ ವಿಭಾಗದ ಹದಿನಾಲ್ಕು ಮೆಕ್ಯಾನಿಕ್‌ಗಳನ್ನೂ ಕೂರಿಸಿಕೊಂಡು ಹೊಸ ಮ್ಯಾನೇಜರ್ ಎರಡು ಗಂಟೆ ಮಾತಾಡಿದ. ಗೋಡೆಯ ಮೇಲೆ ಚಿತ್ರ ಬೀಳದಿದ್ದರೆ ಅವನಿಗೆ ಮಾತು ಹೊರಡುವುದಿಲ್ಲ. ಬಂದ ವಾರವೇ ನಾವು ಅವನಿಗೆ ಸ್ಲೈಡ್ ಸಾಹೇಬ ಎಂದು ಹೆಸರಿಟ್ಟೆವು.

"ಇಷ್ಟು ದಿನ ನೀವು ಲಿಫ್ಟ್ ರಿಪೇರಿ ಮಾಡ್ತಿದ್ರಿ. ಇವತ್ತಿಂದ ನೀವು ಲಿಫ್ಟ್‌ನ ಓನ್ ಮಾಡ್ತೀರಿ" ಅಂದ.

ನಮ್ಮೆಲ್ಲರಿಗಿಂತ ಹಿರಿಯ, ಮೂವತ್ತು ವರ್ಷ ಸರ್ವಿಸ್ ಆದ ಗ್ರೀಸ್ ಮಾಮ ಕೈ ಎತ್ತಿದ. "ಸಾರ್, ಹಂಗಾದ್ರೆ ಸಂಜೆ ಮನೆಗೆ ತಗೊಂಡ್ ಹೋಗ್ಬಹುದಾ?"

ಎಲ್ಲರೂ ನಕ್ಕೆವು. ಸಾಹೇಬನೂ ನಕ್ಕು ಮುಂದಿನ ಸ್ಲೈಡಿಗೆ ಹೋದ.

ಈಗ ಪ್ರತಿ ಲಿಫ್ಟಿನೊಳಗೂ ಒಂದೊಂದು ಸ್ಟಿಕ್ಕರ್. ಮೆಕ್ಯಾನಿಕ್‌ನ ಫೋಟೋ, ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ 'ಈ ಲಿಫ್ಟಿನ ಓನರ್'. ನನ್ನ ಮುಖ ಹನ್ನೊಂದು ಲಿಫ್ಟ್‌ಗಳಲ್ಲಿದೆ. ಒಬ್ಬ ಹೆಂಗಸು ನನ್ನನ್ನು ಗುರುತು ಹಿಡಿದು, "ಏನ್ರೀ ಓನರ್ರೇ, ನಿಮ್ಮ ಆಸ್ತಿಯಲ್ಲಿ ಫ್ಯಾನೇ ತಿರುಗ್ತಿಲ್ವಲ್ಲ?" ಎಂದು ಕೇಳಿದರು. ನಗುವುದೋ ಬಿಡುವುದೋ ತಿಳಿಯಲಿಲ್ಲ.

ನಗು ಬಾರದ ಭಾಗ ಇದು. ತಿಂಗಳ ಕೊನೆಗೆ ಯಾವ ಲಿಫ್ಟಿನ ರಿಜಿಸ್ಟರಿನಲ್ಲಿ ದೂರು ಬಾಕಿ ಉಳಿದಿರುತ್ತದೋ ಅದರ ಓನರ್ ಹೆಸರಿನ ಮುಂದೆ ಕೆಂಪು ಚುಕ್ಕೆ. ಮೂರು ಚುಕ್ಕೆ ಬಿದ್ದರೆ ಕಾಯಂ ಪಟ್ಟಿಯಿಂದ ದಿನಗೂಲಿ ಪಟ್ಟಿಗೆ. ಬಿಡಿಭಾಗ ಕೊಡಬೇಕಾದದ್ದು ಸ್ಟೋರ್, ಸ್ಟೋರಿಗೆ ಒಪ್ಪಿಗೆ ಕೊಡಬೇಕಾದವನು ಸಾಹೇಬ. ಚುಕ್ಕೆ ಮಾತ್ರ ನಮಗೆ.

ಒಂದು ಕಿರುಪುಸ್ತಕವನ್ನೂ ಹಂಚಿದ್ದಾರೆ. 'ನೀವು ಕೈ ಹಾಕಿದ ಮೇಲೆ ಅದು ನಿಮ್ಮದು. ತಪ್ಪು ಯಾರದೆಂದು ಹುಡುಕಬೇಡಿ, ನನ್ನದು ಎಂದು ಮುಂದೆ ಬನ್ನಿ.' ಮೊದಲ ಸಾಲು ಓದಿದಾಗ ಅಪ್ಪ ನೆನಪಾದ. ಗಡಿಯಾರ ರಿಪೇರಿ ಅಂಗಡಿಯಲ್ಲಿ ನಮ್ಮಿಬ್ಬರಿಗೂ ಅದನ್ನೇ ಅಲ್ಲವೇ ಹೇಳುತ್ತಿದ್ದದ್ದು? ಇದನ್ನು ಬರೆದ ಪುಣ್ಯಾತ್ಮ ಯಾವ ಕಾಲದಲ್ಲೋ ಅಪ್ಪನ ಹತ್ತಿರ ಗಡಿಯಾರ ಕೊಟ್ಟಿರಬೇಕು.

ಅರ್ಥ ಬರೆದು ಕಳಿಸು. ಉಪದೇಶ ಬೇಡ.

ನಿನ್ನ ತಮ್ಮ


ಜನವರಿ 20

ತಮ್ಮಾ,

ಉಪದೇಶ ಬೇಡ ಎಂದಿದ್ದೀಯ. ಅರ್ಥ ಮಾತ್ರ ಬರೆಯುತ್ತೇನೆ.

ಓನರ್‌ಶಿಪ್ ಎನ್ನುವುದಕ್ಕೆ ಹಳೆಯ ಅರ್ಥ ಒಡೆತನ, ಮಾಲೀಕತ್ವ. ಮನೆ, ಜಮೀನು, ಗಾಡಿ ಇವುಗಳ ವಿಷಯದಲ್ಲಿ ಹೇಳುವಂಥದ್ದು. ಒಡೆಯನಾದವನು ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಬೀಗ ಜಡಿದು ಸುಮ್ಮನಿರಬಹುದು. ಕಂಪನಿಗಳಲ್ಲಿ ಈಗ ಓಡಾಡುತ್ತಿರುವುದು ಬೇರೆ ಬಳಕೆ. ಒಂದು ಕೆಲಸವನ್ನು ಯಾರೂ ಬೆನ್ನು ಹತ್ತದಿದ್ದರೂ ತನ್ನದೆಂದುಕೊಂಡು ಕೊನೆ ಮುಟ್ಟಿಸುವುದು. ಮೀಟಿಂಗಿನಲ್ಲಿ 'ಇದರ ಓನರ್ ಯಾರು' ಎಂದು ಕೇಳಿದರೆ, ಇದನ್ನು ಮಾಡಿ ಮುಗಿಸುವವರು ಯಾರು ಎಂದು ಅರ್ಥ. ಕನ್ನಡದಲ್ಲಿ ಹೊಣೆ, ಜವಾಬ್ದಾರಿ ಎಂಬ ಪದಗಳು ಹತ್ತಿರ ಬರುತ್ತವೆ. ಆದರೆ ಜವಾಬ್ದಾರಿಯನ್ನು ಇನ್ನೊಬ್ಬರು ಹೊರಿಸುತ್ತಾರೆ. ಓನರ್‌ಶಿಪ್ ಎನ್ನುವುದು ತಾನಾಗಿ ತೆಗೆದುಕೊಳ್ಳುವಂಥದ್ದು. ಅದಕ್ಕೇ ಹೆಚ್ಚಿನ ಅನುವಾದಕರು ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುತ್ತಾರೆ.

ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಆ ಕಿರುಪುಸ್ತಕವನ್ನು ನೀನು ಪೂರ್ತಿ ಓದಿದೆಯೋ ಅಥವಾ ಎರಡು ಸಾಲು ಓದಿ ಮೂಲೆಗೆ ಎಸೆದೆಯೋ ನನಗೆ ಗೊತ್ತಿಲ್ಲ. ಬರೆದವರು ಯಾರೋ ಶ್ರಮ ಪಟ್ಟೇ ಬರೆದಿರುತ್ತಾರೆ. ಮ್ಯಾನೇಜರ್ ಎಂದ ಕೂಡಲೇ ಕೋಡು ಮಸೆಯುವುದನ್ನು ಸ್ವಲ್ಪ ಬಿಡು.

ಕೆಳಗಿನ ಟೈಲರ್ ಅಂಗಡಿಯವರು ಹೊಸ ಮೆಷಿನ್ ತಂದಿದ್ದಾರೆ. ನನ್ನ ಮೇಜು ಇಡೀ ದಿನ ನಡುಗುತ್ತದೆ. ಕೆಲಸ ಬೇಕಾದಷ್ಟಿದೆ.

ಅಕ್ಕ


ಫೆಬ್ರವರಿ 18

ಅಕ್ಕಾ,

ತಾನಾಗಿ ತೆಗೆದುಕೊಳ್ಳುವಂಥದ್ದು ಎಂದು ನೀನು ಬರೆದಿದ್ದೆ. ನಮ್ಮ ಮುಖಕ್ಕೆ ಗೋಂದು ಬಳಿದು ಅಂಟಿಸಿದ್ದಾರೆ. ಯಾರು ಏನನ್ನು ತಾನಾಗಿ ತೆಗೆದುಕೊಂಡರು?

ಕಾಗದದ ಗಿರಣಿಯ ಹಿಂದಿನ ರಸ್ತೆಯಲ್ಲಿ ಎಂಟು ಮಹಡಿಯ ಕಟ್ಟಡವಿದೆ. ಅಲ್ಲಿನ ಎರಡನೇ ಲಿಫ್ಟಿಗೂ ನಾನೇ ಓನರ್. ಅದರ ಬ್ರೇಕ್ ಸವೆದಿದೆ. ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಿಂತ ಲಿಫ್ಟನ್ನು ಹಿಡಿದುಕೊಳ್ಳುವುದು ಮೋಟಾರ್ ಅಲ್ಲ, ಬ್ರೇಕ್. ಅದರ ಎರಡು ತೋಳುಗಳ ಒಳಮೈಗೆ ಚಪ್ಪಲಿಯ ಅಟ್ಟೆಯಂಥ ಲೈನಿಂಗ್ ಇರುತ್ತದೆ. ಅದು ತೆಳುವಾದರೆ ಹಿಡಿತ ಸಾಲದು. ಬಾಗಿಲು ತೆರೆದಿರುವಾಗಲೇ ಲಿಫ್ಟ್ ಜಾರಬಹುದು. ಒಳಗೆ ಜನ ಕಡಿಮೆ ಇದ್ದರೆ ಮೇಲಕ್ಕೇ ಜಾರುತ್ತದೆ, ಏಕೆಂದರೆ ಹಗ್ಗದ ಇನ್ನೊಂದು ತುದಿಯ ಭಾರ ಹೆಚ್ಚು. ಈಗ ಆ ಲಿಫ್ಟ್ ಒಂದೊಂದು ಮಹಡಿಯಲ್ಲೂ ನೆಲಕ್ಕಿಂತ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದೆ.

ಲೈನಿಂಗ್ ಬೇಕೆಂದು ಮೂರು ಸಲ ಸಾಹೇಬನ ಟೇಬಲ್ಲಿಗೇ ಹೋದೆ. "ಈ ಮೂರು ತಿಂಗಳ ಬಜೆಟ್ಟಲ್ಲಿ ಆಗಲ್ಲ" ಅಂದ. ಹಾಗಿದ್ದರೆ ಲಿಫ್ಟ್ ನಿಲ್ಲಿಸ್ತೀನಿ ಅಂದೆ.

"ನಿಲ್ಲಿಸೋದಕ್ಕೆ ನೀನ್ಯಾರು?"

"ನೀವೇ ಅಂಟಿಸಿದ್ದೀರಲ್ಲ ಸಾರ್, ಓನರ್ ಅಂತ."

"ಓನರ್ ಆದವನು ಸಮಸ್ಯೆ ತರಲ್ಲ, ಪರಿಹಾರ ತರ್ತಾನೆ. ಪುಸ್ತಕ ಓದು" ಅಂದ. ಪಕ್ಕದಲ್ಲಿದ್ದ ಕ್ಲರ್ಕ್ ತಲೆ ಬಗ್ಗಿಸಿಕೊಂಡು ಏನನ್ನೋ ಹುಡುಕುವ ಹಾಗೆ ನಟಿಸಿದ.

ನೀನು ಬರೆದ ಹಳೆಯ ಅರ್ಥದಲ್ಲಿ ಬೀಗ ಜಡಿಯುವ ಹಕ್ಕಾದರೂ ಇತ್ತು.

ತಮ್ಮ


ಫೆಬ್ರವರಿ 27

ತಮ್ಮಾ,

ಪ್ರತಿ ಕೆಲಸದಲ್ಲೂ ನಿನ್ನದು ಇದೇ ಕಥೆ. ಮೊದಲಿನ ಕಂಪನಿಯಲ್ಲಿ ಫೋರ್‌ಮನ್ ಸರಿಯಿರಲಿಲ್ಲ, ಅದರ ಹಿಂದಿನದರಲ್ಲಿ ಧಣಿ ಸರಿಯಿರಲಿಲ್ಲ. ಎಲ್ಲ ಕಡೆಯೂ ಸರಿಯಿದ್ದವನು ನೀನೊಬ್ಬನೇ.

ಬಾಯಲ್ಲಿ ಕೇಳಿದರೆ ಗಾಳಿಗೆ ಹೋಗುತ್ತದೆ. ರಿಜಿಸ್ಟರಿನಲ್ಲಿ ಬರೆ. 'ಬ್ರೇಕ್ ಸವೆದಿದೆ, ಲಿಫ್ಟ್ ಅಪಾಯಕಾರಿ' ಎಂದು ಬರೆದು ರುಜು ಹಾಕು. ಆಮೇಲೆ ಅದು ನಿನ್ನ ತಲೆಯ ಮೇಲಿನ ಭಾರವಲ್ಲ. ಇಷ್ಟು ಸಣ್ಣ ವಿಷಯ ನಿನಗೆ ಹೊಳೆಯಲಿಲ್ಲವೇ? ಬರೆದಿದ್ದೀಯ ತಾನೇ?

ನನಗೆ ಈ ವಾರ ಉಸಿರಾಡಲು ಬಿಡುವಿಲ್ಲ. ದೊಡ್ಡ ಕಂಪನಿಯೊಂದರ ಕೆಲಸ ಸಾಲಾಗಿ ಬರುತ್ತಿದೆ. ಯಾವುದೆಂದು ಆಮೇಲೆ ಹೇಳುತ್ತೇನೆ.

ಅಕ್ಕ


ಮಾರ್ಚ್ 15

ಅಕ್ಕಾ,

ಹನ್ನೊಂದನೇ ತಾರೀಖು ಬೆಳಿಗ್ಗೆ ಹತ್ತೂಕಾಲಿಗೆ ಆ ಲಿಫ್ಟ್ ಜಾರಿತು.

ಒಳಗಿದ್ದದ್ದು ಒಬ್ಬರೇ. ಕಟ್ಟಡದ ಮೆಟ್ಟಿಲು ಒರೆಸುವ ಅಮ್ಮ. ಆರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಬಕೆಟ್ಟನ್ನು ಮೊದಲು ಹೊರಗಿಟ್ಟು ಒಂದು ಕಾಲು ಎತ್ತಿ ಇಟ್ಟಿದ್ದಾರೆ. ಇನ್ನೊಂದು ಕಾಲು ಒಳಗಿರುವಾಗಲೇ ಲಿಫ್ಟ್ ಮೇಲಕ್ಕೆ ಹೋಗಿದೆ. ಅವರು ಹೊರಕ್ಕೆ ಬಿದ್ದರು. ಬಲಗಾಲು ಲಿಫ್ಟಿನ ನೆಲಕ್ಕೂ ಬಾಗಿಲಿನ ಮೇಲಿನ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿತು. ನಾನು ಎರಡು ರಸ್ತೆ ಆಚೆ ಇನ್ನೊಂದು ಕಟ್ಟಡದಲ್ಲಿದ್ದೆ. ಓಡಿ ಬಂದು ಮೋಟಾರ್ ರೂಮಿಗೆ ಹತ್ತಿ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟ್ ಇಳಿಸಿದವನು ನಾನೇ. ಕೆಳಗಿನಿಂದ ಅವರ ಧ್ವನಿ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಸತ್ತೇ ಹೋದರೇನೋ ಅಂದುಕೊಂಡೆ.

ಬದುಕಿದ್ದಾರೆ. ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದಾರೆ.

ಮಾರನೇ ದಿನವೇ ನನ್ನ ಕೈಗೆ ನೋಟೀಸು ಬಂತು. 'ಸದರಿ ಲಿಫ್ಟಿನ ಓನರ್ ಆದ ನೀವು' ಎಂದು ಶುರುವಾಗುತ್ತದೆ. ಕಿರುಪುಸ್ತಕದ ಆ ಎರಡು ಸಾಲುಗಳನ್ನು ಇದ್ದ ಹಾಗೆಯೇ ಎತ್ತಿ ಹಾಕಿದ್ದಾರೆ. ಸಾಹೇಬ ಒಂದು ಹಾಳೆ ಮುಂದಿಟ್ಟು ಮೆಲ್ಲನೆಯ ಧ್ವನಿಯಲ್ಲಿ, "ಓನರ್‌ಶಿಪ್ ತಗೊಂಡ್ಬಿಡು. ಇಲ್ಲೊಂದು ರುಜು ಹಾಕು. ಒಳಗೊಳಗೇ ಮುಗಿಸೋಣ. ಇಲ್ಲಾಂದ್ರೆ ಪೊಲೀಸು, ಕೋರ್ಟು, ನಿನ್ನ ಲೈಸೆನ್ಸು" ಅಂದ. ಹಾಳೆಯಲ್ಲಿ ಇರುವುದು ಒಂದೇ ಮಾತು: ದೋಷ ಗೊತ್ತಿದ್ದೂ ಕಂಪನಿಗೆ ತಿಳಿಸಲಿಲ್ಲ, ಪೂರ್ತಿ ತಪ್ಪು ನನ್ನದು.

ಸರ್ಕಾರದ ಲಿಫ್ಟ್ ಇನ್‌ಸ್ಪೆಕ್ಟರ್ ವಿಚಾರಣೆ ಏಪ್ರಿಲ್ 21ಕ್ಕೆ. ಅದಕ್ಕಿಂತ ಮುಂಚೆ ನಾನು ನೋಟೀಸಿಗೆ ಲಿಖಿತ ಉತ್ತರ ಕೊಡಬೇಕು. ನನಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ, ಇಂಥದ್ದು ಬರೆಯಲು ಬರುವುದಿಲ್ಲ. ನೀನು ಬರೆದು ಕೊಡು. ಬೇರೆ ಯಾರನ್ನೂ ಕೇಳಲಾರೆ.

ತಮ್ಮ


ಮಾರ್ಚ್ 22

ತಮ್ಮಾ,

ನಿನ್ನ ಕಾಗದ ತಲುಪುವ ಮುಂಚೆಯೇ ಇಡೀ ಫೈಲು ನನ್ನ ಮೇಜಿನ ಮೇಲಿತ್ತು.

ಮುಚ್ಚಿಡುವುದರಲ್ಲಿ ಇನ್ನು ಅರ್ಥವಿಲ್ಲ. ಫೆಬ್ರವರಿಯಲ್ಲಿ ದೊಡ್ಡ ಕಂಪನಿ ಎಂದು ಬರೆದೆನಲ್ಲ, ಅದು ನಿಮ್ಮದೇ. ಆ ಕಿರುಪುಸ್ತಕವನ್ನು ಕನ್ನಡದಲ್ಲಿ ಬರೆದವಳು ನಾನು. ಅಪ್ಪನ ಮಾತನ್ನು ಅದರಲ್ಲಿ ಹಾಕಿದವಳೂ ನಾನೇ. ಜನವರಿಯಲ್ಲೇ ಹೇಳಬೇಕಿತ್ತು. ನೀನು ಗೇಲಿ ಮಾಡಿದ್ದನ್ನು ಓದಿ ಮೈ ಉರಿಯಿತು, ಹೇಳಲಿಲ್ಲ. ವಿಚಾರಣೆಯ ಕಾಗದಗಳನ್ನು ಕನ್ನಡಕ್ಕೆ ತರಲು ಈಗ ನನಗೇ ಕಳಿಸಿದ್ದಾರೆ. ನಾನು ನಿನ್ನ ಅಕ್ಕ ಎಂದು ಅವರಿಗೆ ಗೊತ್ತಿಲ್ಲ.

ಅದರಲ್ಲಿ ರಿಜಿಸ್ಟರಿನ ನಕಲು ಇದೆ. ಜನವರಿ 30, ಬ್ರೇಕ್: ಓಕೆ. ಫೆಬ್ರವರಿ 26, ಬ್ರೇಕ್: ಓಕೆ. ಮಾರ್ಚ್ 6, ಬ್ರೇಕ್: ಓಕೆ. ಮೂರೂ ನಿನ್ನ ಅಕ್ಷರ. ಮಾರ್ಚ್ 6! ಆ ಅಮ್ಮನ ಕಾಲು ಹೋಗುವುದಕ್ಕೆ ಐದು ದಿನ ಮುಂಚೆ!

ಮೂರು ಸಲ ಕೇಳಿದೆ, ಮೂರು ಸಲ ಕೇಳಿದೆ ಎಂದು ನನ್ನ ಮುಂದೆ ಹುತಾತ್ಮನ ಹಾಗೆ ಬರೆದೆಯಲ್ಲ. ಬರೆದಿದ್ದೀಯ ತಾನೇ ಎಂದು ನಾನು ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಈಗ ಗೊತ್ತಾಯಿತು ಯಾಕೆಂದು. ನೀನು ಬ್ರೇಕ್ ನೋಡಿಯೇ ಇಲ್ಲ. ಕೂತಲ್ಲೇ ಓಕೆ ಗೀಚಿದ್ದೀಯ. ಆಮೇಲೆ ಮ್ಯಾನೇಜರನ ಮೇಲೆ ಕಥೆ ಕಟ್ಟಿದ್ದೀಯ.

ನಿನಗಾಗಿ ಸುಳ್ಳು ಉತ್ತರ ಬರೆಯಲಾರೆ. ಆ ಹಾಳೆಗೆ ರುಜು ಹಾಕು. ನಿನ್ನ ಅಕ್ಷರವನ್ನು ನೀನು ಅಲ್ಲಗಳೆಯಲಾಗುವುದಿಲ್ಲ.

ಅಕ್ಕ


ಮಾರ್ಚ್ 26

ಭೇಷ್.

ನನ್ನನ್ನು ಗಲ್ಲಿಗೆ ಹಾಕುವ ಹಗ್ಗ ಹೊಸೆದವಳು ನೀನು, ಗಂಟು ಸರಿಯಾಗಿದೆಯೇ ಎಂದು ನೋಡುವವಳೂ ನೀನು. ಅದಕ್ಕೆ ಅಪ್ಪನ ಮಾತೇ ಬೇಕಾಯಿತೇ? ನೋಟೀಸಿನಲ್ಲಿ ಆ ಸಾಲು ಓದುವಾಗ ಯಾರೋ ನಮ್ಮ ಅಂಗಡಿಗೆ ನುಗ್ಗಿ ಅಪ್ಪನ ಕುರ್ಚಿಯಲ್ಲಿ ಕೂತ ಹಾಗಾಯಿತು. ಕೂತಿದ್ದವಳು ನೀನು.

ಓಕೆ ಬರೆದವನು ನಾನೇ. ಆದರೆ ನೋಡದೆ ಬರೆದೆ ಎಂದೆಯಲ್ಲ, ಆ ಮಾತಿಗೆ ಕೇಳು.

ರಿಜಿಸ್ಟರಿನಲ್ಲಿ ದೂರು ಬರೆದರೆ ಅದು ಬಾಕಿ. ಬಾಕಿ ಉಳಿದರೆ ಚುಕ್ಕೆ. ಬಿಡಿಭಾಗ ಬರುವುದಿಲ್ಲ ಎಂದು ಗೊತ್ತಿದ್ದ ಮೇಲೆ ಯಾರು ಬರೆಯುತ್ತಾರೆ? ಜನವರಿಯಿಂದ ಹದಿನಾಲ್ಕು ಜನರಲ್ಲಿ ಒಬ್ಬನೂ ರಿಜಿಸ್ಟರಿನಲ್ಲಿ ನಿಜ ಬರೆದಿಲ್ಲ. ನಿಜ ಬರೆಯುವುದು ಮೋಟಾರ್ ರೂಮಿನ ಬಾಗಿಲಿನ ಒಳಮೈ ಮೇಲೆ, ಸೀಮೆಸುಣ್ಣದಲ್ಲಿ. ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಬರುತ್ತಾನಲ್ಲ, ಅವನ ಕೈ ಸಿಕ್ಕಿಕೊಳ್ಳಬಾರದು ಎಂದು. ಗ್ರೀಸ್ ಮಾಮ ಶುರು ಮಾಡಿದ್ದು. ಪುಸ್ತಕ ಸಾಹೇಬನಿಗೆ, ಬಾಗಿಲು ನಮಗೆ ಎಂದು ನಗಾಡುತ್ತಿದ್ದೆವು. ಆ ಬಾಗಿಲಿನ ಮೇಲೆ ತಾರೀಖು ಸಮೇತ ಇತ್ತು: 'ಬ್ರೇಕ್ ಲೈನಿಂಗ್ ಮುಗಿದಿದೆ. ಬಾಗಿಲು ತೆರೆದಾಗ ನಂಬಬೇಡಿ.' ಜನವರಿ 30ರಿಂದ ಇತ್ತು. ನಾನು ಪ್ರತಿ ಸಲವೂ ಬ್ರೇಕ್ ಬಿಚ್ಚಿ ನೋಡಿದ್ದೇನೆ, ಅಳೆದಿದ್ದೇನೆ, ಬಾಗಿಲಿನ ಮೇಲೆ ಅಳತೆ ಬರೆದಿದ್ದೇನೆ.

ಎಂಥ ಮುಠ್ಠಾಳತನ ಎಂದು ಈಗ ಗೊತ್ತಾಗುತ್ತಿದೆ. ನಾವು ಎಚ್ಚರಿಕೆ ಬರೆದದ್ದು ನಮಗೆ ಮಾತ್ರ. ಬಕೆಟ್ ಹಿಡಿದು ಹತ್ತುವ ಅಮ್ಮ ಮೋಟಾರ್ ರೂಮಿನ ಬಾಗಿಲು ಯಾವಾಗ ನೋಡಿದ್ದಾರೆ?

ಹದಿಮೂರನೇ ತಾರೀಖು ಅಲ್ಲಿಗೆ ಹೋದೆ. ಬಾಗಿಲಿಗೆ ಬೂದು ಬಣ್ಣ ಬಳಿದಿದ್ದಾರೆ. ಕೈಗೆ ಅಂಟುತ್ತಿತ್ತು.

ಮೊದಲೇ ಹೇಳಲಿಲ್ಲ ಏಕೆ ಎಂದು ಕೇಳುತ್ತೀಯ. ಹೇಳಿದ್ದರೆ ನೀನು ಇದನ್ನೇ ಬರೆಯುತ್ತಿದ್ದೆ. ಸರಿಯಿದ್ದವನು ನೀನೊಬ್ಬನೇ ಎಂದು.

ರುಜು ಹಾಕುವುದಿಲ್ಲ. ಉತ್ತರ ನಾನೇ ಬರೆಯುತ್ತೇನೆ, ತಪ್ಪುಗಳ ಸಮೇತ. ನೀನು ನಿನ್ನ ಕಂಪನಿಯ ಅನುವಾದ ಮುಗಿಸು. ಚೆನ್ನಾಗಿ ಮಾಡು.


ಏಪ್ರಿಲ್ 9

ತಮ್ಮಾ,

ಎರಡು ವಾರ ಬರೆಯಲಿಲ್ಲ. ಬರೆಯಲು ನಾಲ್ಕು ಸಲ ಕೂತೆ. ಪ್ರತಿ ಸಲವೂ ಕಾಗದದ ಅರ್ಧಕ್ಕೆ ನಿನ್ನನ್ನೇ ಬಯ್ಯುತ್ತಿದ್ದೆ. ಹರಿದು ಹಾಕಿದೆ.

ಇದರ ಜತೆ ಒಂದು ಹಾಳೆಯ ನಕಲು ಇಟ್ಟಿದ್ದೇನೆ. ಕೈಯಲ್ಲಿ ಹಿಡಿದುಕೊಂಡು ಓದು. ಕಿರುಪುಸ್ತಕದ ಮೊದಲ ಕರಡು ಅದು, ನವೆಂಬರಿನಲ್ಲಿ ನಾನು ಕಳಿಸಿದ್ದು. ಅಪ್ಪನ ಮಾತಿನ ನಂತರ ನಾನು ಹಾಕಿದ್ದ ಎರಡನೇ ಸಾಲು ಇದು: 'ಅದು ಸರಿಯಿಲ್ಲ ಎಂದು ಕಂಡರೆ ಸರಿಯಾಗುವ ತನಕ ನಿಲ್ಲಿಸುವ ಅಧಿಕಾರವೂ ನಿಮ್ಮದು.' ಅವರು ಕಳಿಸಿದ ಇಂಗ್ಲಿಷಿನಲ್ಲಿ ಅದು ಇರಲಿಲ್ಲ. ನಾನಾಗಿ ಸೇರಿಸಿದೆ. ಅಪ್ಪ ರಿಪೇರಿ ಮುಗಿಯದ ಗಡಿಯಾರವನ್ನು ಯಾರು ಎಷ್ಟು ಕೂಗಾಡಿದರೂ ಹೊರಗೆ ಬಿಡುತ್ತಿರಲಿಲ್ಲ. ಕೈ ಹಾಕಿದ ಮೇಲೆ ನಿಮ್ಮದು ಎಂದು ಹೇಳಿ ಅದನ್ನು ಬಿಟ್ಟರೆ ಮಾತು ಅರ್ಧ ಆಗುತ್ತದೆ ಅನ್ನಿಸಿತ್ತು.

ಆ ಸಾಲಿನ ಮೇಲೆ ಕೆಂಪು ಗೆರೆ ಕಾಣುತ್ತದಲ್ಲ, ಎಳೆದವನು ನಿನ್ನ ಸ್ಲೈಡ್ ಸಾಹೇಬ. ಪಕ್ಕದಲ್ಲಿ ಅವನ ಕೈಬರಹ: 'ಈ ಸಾಲು ಇದ್ದರೆ ವಾರಕ್ಕೊಂದು ಲಿಫ್ಟ್ ನಿಲ್ಲಿಸುತ್ತಾರೆ. ತೆಗೆಯಿರಿ. ಬದಲಿಗೆ ತಪ್ಪನ್ನು ಒಪ್ಪಿಕೊಳ್ಳುವುದರ ಬಗ್ಗೆ ಹಾಕಿ.' ಕೆಳಗೆ ಅವನ ರುಜು, ತಾರೀಖು.

ನಾನು ತೆಗೆದೆ. ಬದಲಿಗೆ 'ತಪ್ಪು ಯಾರದೆಂದು ಹುಡುಕಬೇಡಿ' ಎಂಬ ಸಾಲನ್ನು ಹೊಸೆದು ಕೊಟ್ಟೆ. ಓದಲು ಚೆನ್ನಾಗಿದೆ ಎಂದು ಹೆಮ್ಮೆಯನ್ನೂ ಪಟ್ಟೆ. ಮುಂದಿನ ಕೆಲಸ ಕೈ ತಪ್ಪಬಾರದು ಎನ್ನುವುದು ಒಂದು. ಸಾಲು ಹೋದರೆ ಹೋಗಲಿ, ಪುಸ್ತಕವನ್ನು ಯಾರು ಓದುತ್ತಾರೆ ಎನ್ನುವುದು ಇನ್ನೊಂದು. ಮಾರ್ಚ್ 22ರಂದು ನಿನಗೆ ಅಷ್ಟು ಕಟುವಾಗಿ ಬರೆದೆನಲ್ಲ, ಆಗಲೂ ಈ ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು. ನೀನು ತಪ್ಪಿತಸ್ಥನಾದರೆ ಇದನ್ನು ತೆಗೆಯುವ ಅಗತ್ಯವೇ ಬೀಳುವುದಿಲ್ಲ ಎಂದು ಮನಸ್ಸಿನ ಯಾವುದೋ ಮೂಲೆ ಲೆಕ್ಕ ಹಾಕಿರಬೇಕು.

ಮೂಲ ಹಾಳೆಯನ್ನು ನಿನ್ನೆ ಇನ್‌ಸ್ಪೆಕ್ಟರ್ ಕಚೇರಿಗೆ ನಾನೇ ಹೋಗಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ನಾನು ನಿನ್ನ ಅಕ್ಕ ಎಂದು ತಿಳಿಸಿ ಕಂಪನಿಯ ಫೈಲನ್ನು ವಾಪಸ್ ಕಳಿಸಿದೆ. ಒಳಗಿನ ಕಾಗದ ಹೊರಗೆ ಕೊಡುವುದಿಲ್ಲ ಎಂದು ಅವರಿಗೆ ಬರೆದುಕೊಟ್ಟಿದ್ದೆ, ಆದ್ದರಿಂದ ನನಗೂ ಒಂದು ನೋಟೀಸು ಬರಬಹುದು. ಬರಲಿ.

ಆದರೆ ಒಂದು ಮಾತು. ಇದನ್ನು ಓದಿ ನಿನ್ನ ಮೂರು ಓಕೆಗಳು ಅಳಿಸಿಹೋದವು ಎಂದುಕೊಳ್ಳಬೇಡ. ನನಗೆ ನಿನ್ನ ಮೇಲಿನ ಸಿಟ್ಟು ಇನ್ನೂ ಹಾಗೆಯೇ ಇದೆ.

ಅಕ್ಕ


ಏಪ್ರಿಲ್ 24

ಅಕ್ಕಾ,

ವಿಚಾರಣೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇನ್‌ಸ್ಪೆಕ್ಟರ್ ಮೇಡಂ ಚಿಕ್ಕ ಆಳು, ಮಾತು ಕಡಿಮೆ. ಉದ್ದದ ಮೇಜು, ಆ ಕಡೆ ಸಾಹೇಬ ಮತ್ತು ಕಂಪನಿಯ ವಕೀಲರು, ಈ ಕಡೆ ನಾನು ಮತ್ತು ಗ್ರೀಸ್ ಮಾಮ. ಸಾಹೇಬ ಮೊದಲು ರಿಜಿಸ್ಟರ್ ಮುಂದಿಟ್ಟ. ಮೇಡಂ ನೋಡಿ ಪಕ್ಕಕ್ಕಿಟ್ಟು ನಿನ್ನ ಹಾಳೆ ತೆಗೆದರು.

"ಇದು ನಿಮ್ಮ ಕೈಬರಹ ತಾನೇ?"

"ಅದು ಬರೀ ಭಾಷೆ ತಿದ್ದಿದ್ದು ಮೇಡಂ. ಅನುವಾದ ಮಾಡ್ದೋರು ಇಂಗ್ಲಿಷಲ್ಲಿ ಇಲ್ದೇ ಇರೋ ಸಾಲು ತಾವೇ ಸೇರಿಸಿದ್ರು. ಅದಕ್ಕೆ ತೆಗೆಸಿದೆ."

"ಇಂಗ್ಲಿಷಲ್ಲಿ ಇಲ್ಲ ಅಂತ ಇಲ್ಲಿ ಬರೆದಿಲ್ವಲ್ಲ. ವಾರಕ್ಕೊಂದು ಲಿಫ್ಟ್ ನಿಲ್ಲಿಸ್ತಾರೆ ಅಂತ ಬರೆದಿದ್ದೀರಿ. ವಾರಕ್ಕೊಂದು ನಿಲ್ಲಿಸೋ ಅಷ್ಟು ಕೆಟ್ಟಿವೆ ಅಂತ ನಿಮಗೆ ನವೆಂಬರಲ್ಲೇ ಗೊತ್ತಿತ್ತಾ?"

ಗೋಡೆಯ ಮೇಲೆ ಯಾವ ಚಿತ್ರವೂ ಇರಲಿಲ್ಲ. ಸಾಹೇಬ ನೀರು ಕುಡಿದ.

ನಾನು ಬರೆದುಕೊಟ್ಟದ್ದನ್ನು ಓದಿ ಮೇಡಂ, ಮೋಟಾರ್ ರೂಮಿನ ಬಾಗಿಲಿಗೆ ಬಣ್ಣ ಬಳಿಸಿದ್ದು ಯಾಕೆ ಎಂದು ಕೇಳಿದ್ದಕ್ಕೆ ವಾರ್ಷಿಕ ನಿರ್ವಹಣೆ ಅಂದ. ಆಗ ಗ್ರೀಸ್ ಮಾಮ ಎದ್ದು ನಿಂತ. "ಮೇಡಂ, ಒಂದು ಬಾಗಿಲಿಗೆ ಬಳಿದಿದ್ದಾರೆ. ಇನ್ನೂ ನೂರಾ ಮೂವತ್ತು ಬಾಗಿಲಿವೆ. ಯಾರನ್ನಾದ್ರೂ ಕಳಿಸಿ. ನಾವೆಲ್ಲಾ ಪುಸ್ತಕದಲ್ಲಿ ಸುಳ್ಳು ಬರೆದಿದ್ದೀವಿ. ನಾನೂ ಬರೆದಿದ್ದೀನಿ." ಮೇಡಂ ಅಲ್ಲಿಂದಲೇ ಇಬ್ಬರನ್ನು ಕಳಿಸಿದರು. ಊಟದ ಹೊತ್ತಿಗೆ ಆರು ಕಟ್ಟಡಗಳ ಬಾಗಿಲಿನ ಫೋಟೋ ಬಂದವು. ಸೀಮೆಸುಣ್ಣದ ಸಾಲುಗಳು, ತಾರೀಖುಗಳು. ಅದೇ ದಿನಗಳ ರಿಜಿಸ್ಟರಿನಲ್ಲಿ ಓಕೆ, ಓಕೆ, ಓಕೆ.

ಕಂಪನಿಯ ವಕೀಲರು ನನ್ನ ಕಡೆ ತಿರುಗಿದರು. "ನಿಮ್ಮ ಅಕ್ಕ ಕೊಟ್ಟ ಕಾಗದ ಇದು. ಅಕ್ಕ-ತಮ್ಮ ಸೇರಿ ಕಟ್ಟಿದ ನಾಟಕ ಅಲ್ವಾ ಇದು?"

"ಸಾರ್, ನಾವಿಬ್ಬರೂ ಸೇರಿ ಮೂರು ನಿಮಿಷ ಮಾತಾಡೋಕೂ ಆಗಲ್ಲ" ಅಂದೆ. ಮೇಡಂ ಪೆನ್ನು ಕೆಳಗಿಟ್ಟು ನಗು ನುಂಗಿಕೊಂಡರು.

ಆಮೇಲೆ ನನ್ನನ್ನು ಕೇಳಿದರು. ಆ ಮೂರು ಓಕೆ ನನ್ನವು, ಬ್ರೇಕ್ ಮುಗಿದಿದೆ ಎಂದು ಗೊತ್ತಿದ್ದೇ ಬರೆದೆ, ಚುಕ್ಕೆಗೆ ಹೆದರಿ ಬರೆದೆ ಎಂದೆ. ಅಧಿಕಾರ ಇರಲಿ ಬಿಡಲಿ, ಮೇಲೆ ಹತ್ತಿ ಮೆಯಿನ್ ಸ್ವಿಚ್ ಎಳೆದಿದ್ದರೆ ಯಾರೂ ನನ್ನ ಕೈ ಹಿಡಿಯುತ್ತಿರಲಿಲ್ಲ, ಅದನ್ನೂ ಹೇಳಿದೆ. ನಿನ್ನ ಕಾಗದಕ್ಕಾಗಿ ಹೇಳಿದ್ದಲ್ಲ. ನೀನು ಹೇಳದಿದ್ದರೂ ಹೇಳುತ್ತಿದ್ದೆ.

ತೀರ್ಪು: ನನ್ನ ಲೈಸೆನ್ಸ್ ಒಂದು ವರ್ಷ ಅಮಾನತು. ಸಾಹೇಬನ ಮೇಲೆ, ಕಂಪನಿಯ ಮೇಲೆ ಮೊಕದ್ದಮೆ. ಇಪ್ಪತ್ತೆರಡು ಲಿಫ್ಟ್‌ಗಳಿಗೆ ಅವತ್ತೇ ಸೀಲು. ಕಾಲು ಕಳೆದುಕೊಂಡ ಅಮ್ಮನಿಗೆ ಕಂಪನಿಯೇ ಪರಿಹಾರಧನ ಕೊಡಬೇಕೆಂದು ಶಿಫಾರಸು. ಗ್ರೀಸ್ ಮಾಮ ಹೊರಗೆ ಬಂದು, "ಒಂದು ವರ್ಷ ಮೆಟ್ಟಿಲು ಹತ್ತು, ಹೊಟ್ಟೆ ಕರಗುತ್ತೆ" ಅಂದ. ನಾನು ಅವನನ್ನು ಬೈದೆ. ಅವನೂ ಬೈದ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಆ ಅಮ್ಮನ ಮಗಳು ಕುರ್ಚಿ ಕೊಟ್ಟಳು. ಕೂರಲಿಲ್ಲ. ನಾನು ಯಾರು ಎಂದು ಹೇಳಿದೆ.

"ಗೊತ್ತಲ್ಲಪ್ಪ. ದಿನಾ ನಿನ್ನ ಮುಖ ನೋಡ್ಕೊಂಡೇ ಮೇಲೆ ಹೋಗ್ತಿದ್ದೆ" ಅಂದರು ಅಮ್ಮ. ಆಮೇಲೆ, "ಕೆಟ್ಟಿದೆ ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದರು.

ಗೊತ್ತಿತ್ತು ಎಂದೆ.

"ನನ್ನ ಹತ್ರ ಒಂದ್ ಮಾತು ಹೇಳಿದ್ರೆ ಆಗ್ತಿರಲಿಲ್ವಾ? ಮೆಟ್ಟಿಲು ಹತ್ತಿ ಹೋಗ್ತಿದ್ದೆನಲ್ಲೋ. ಮೆಟ್ಟಿಲು ಒರೆಸೋಳೇ ತಾನೇ ನಾನು?"

ಹೋಗು ಎಂದರು. ಹೊರಗೆ ಬಂದೆ. ಹಿಂದಿನಿಂದ ಮಗಳು ಬಂದು, "ಅಮ್ಮ ಕೇಳ್ತಿದ್ದಾರೆ, ಆ ಪುಸ್ತಕ ಬರೆದೋರು ಯಾರು ಅಂತ" ಅಂದಳು. ಪೇಪರಿನಲ್ಲಿ ಬಂದದ್ದನ್ನು ಯಾರೋ ಓದಿ ಹೇಳಿದ್ದರಂತೆ.

ನಿನ್ನ ಹೆಸರು ಹೇಳಲಿಲ್ಲ. ನಿನ್ನನ್ನು ಉಳಿಸಲು ಅಲ್ಲ. ಅದನ್ನು ನಾನು ಹೇಳಿದರೆ ನಿನಗೆ ಸಲೀಸಾಗಿಬಿಡುತ್ತದೆ.

ಹಾಳೆ ಕೊಟ್ಟದ್ದಕ್ಕೆ ಉಪಕಾರ ಎನ್ನಲಾರೆ. ನವೆಂಬರಿನಲ್ಲಿ ನೀನು ಆ ಒಂದು ಸಾಲಿಗೆ ಪಟ್ಟು ಹಿಡಿದಿದ್ದರೆ ಎಂದು ದಿನವೂ ಯೋಚಿಸುತ್ತೇನೆ. ನಾನು ಸ್ವಿಚ್ ಎಳೆದಿದ್ದರೆ ಎಂದೂ ಯೋಚಿಸುತ್ತೇನೆ. ಎರಡೂ ಒಂದೇ ಹೊತ್ತಿಗೆ ಬರುತ್ತವೆ, ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲಿ ನೋಡಲು ಬಿಡುವುದು ಶನಿವಾರ ನಾಲ್ಕರಿಂದ ಆರು. ಎರಡನೇ ಮಹಡಿ, ಹೆಂಗಸರ ವಾರ್ಡ್, ಕಿಟಕಿಯ ಪಕ್ಕದ ಹಾಸಿಗೆ.

ತಮ್ಮ


ಏಪ್ರಿಲ್ 27

ತಮ್ಮಾ,

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಸ್ಟ್ಯಾಂಡಿಗೆ ಬರಬೇಡ. ದಾರಿಯಲ್ಲಿ ಜಗಳ ಆಗುತ್ತದೆ.

ವಾರ್ಡಿನೊಳಗೆ ಬೇಕಾದರೆ ಜತೆಗೆ ಬಾ. ಅವರ ಮುಂದೆ ನನ್ನ ಪರವಾಗಿ ಮಾತ್ರ ಬಾಯಿ ತೆರೆಯಬೇಡ.

ಅಕ್ಕ